ಟೈಲ್ಸ್ ಆಮೇಲೆ, ಮೊದಲು ನೆಲದ ತೇವ ನೋಡು

ಮಗಳೇ, ನಿನ್ನ ಮೆಸೇಜ್ ಈಗ ನೋಡಿದೆ. ರೂಮಿಗೆ ಅಂಟಿಸುವ ವಿನೈಲ್ ಟೈಲ್ಸ್ ತಂದಿದ್ದೀರಿ, ಭಾನುವಾರ ನೀವೇ ಹಾಕುತ್ತೀರಿ, ಆಮೇಲೆ ಮೂಲೆ ಏಳುತ್ತವಾ ದೊಡ್ಡಮ್ಮ ಅಂತ ಕೇಳಿದ್ದೀಯ. ಏಳುತ್ತವೆ ಕಣೇ. ನೆಲದಲ್ಲಿ ತೇವ ಇದ್ದರೆ ಎದ್ದೇ ಏಳುತ್ತವೆ. ತೇವ ನೋಡದೆ ಒಂದು ಟೈಲ್ ಕೂಡ ಅಂಟಿಸಬೇಡ.

ನಮ್ಮ ಹಿಂದಿನ ರೂಮು ಗೊತ್ತಲ್ಲ, ಅಜ್ಜಿ ಮಲಗುತ್ತಿದ್ದದ್ದು. ಅಲ್ಲಿಗೆ ಇದೇ ಥರದ ಟೈಲ್ಸ್ ಹಾಕಿಸಿದ್ದೆವು. ಕೆಲಸದವನು ಬಂದ, ಗುಡಿಸಿದ, ಒರೆಸಿದ, ಸ್ವಲ್ಪ ಹೊತ್ತು ಫ್ಯಾನ್ ಹಾಕಿ ಅಂಟಿಸಿಯೇ ಬಿಟ್ಟ. ಗೋಡೆ ಬುಡದಲ್ಲಿ ಬಣ್ಣ ಉಬ್ಬಿದೆ ನೋಡಪ್ಪ, ಒಳಗೆ ತೇವ ಇರಬಹುದು ಅಂತ ನಾನು ಹೇಳಿದೆ. "ಏನೂ ಆಗಲ್ಲಮ್ಮ, ಈ ಗಮ್ ಗಟ್ಟಿ" ಅಂದ. ಮೊದಮೊದಲು ಚೆಂದವೇ ಇತ್ತು. ಮಳೆ ಹಿಡಿಯಿತು ನೋಡು, ಗೋಡೆ ಕಡೆಯ ಸಾಲು ಪೂರ್ತಿ ಒಣಗಿದ ಎಲೆಯ ಹಾಗೆ ಅಂಚು ಎತ್ತಿತು. ಸಂದಿಯಿಂದ ಗಮ್ ಈಚೆ ಬಂದು, ಧೂಳು ಮೆತ್ತಿಕೊಂಡು, ಉದ್ದಕ್ಕೂ ಕಪ್ಪು ಗೆರೆ. ಒಂದನ್ನು ಎತ್ತಿದರೆ ಅಡಿಯಲ್ಲಿ ಹನಿ ಹನಿ ನೀರು, ಬೂಷ್ಟಿನ ವಾಸನೆ. ಅದೇ ಅಂಚಿಗೆ ಅಜ್ಜಿ ಎಡವಿದರು. ಮಂಚ ಕೈಗೆ ಸಿಕ್ಕಿತು, ಬೀಳಲಿಲ್ಲ. ಇವತ್ತಿಗೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಸಿಮೆಂಟ್ ನೆಲ ಕಣ್ಣಿಗೆ ಒಣಗಿದ ಹಾಗೇ ಕಾಣುತ್ತದೆ. ಆದರೆ ಕೆಳಗಿನ ಮಣ್ಣಿನ ತೇವ ಮೇಲಕ್ಕೆ ಬರುತ್ತಲೇ ಇರುತ್ತದೆ. ಬರಿ ನೆಲವಾದರೆ ಆರಿ ಹೋಗುತ್ತದೆ. ವಿನೈಲ್ ಮುಚ್ಚಿದರೆ ಹೋಗಲು ದಾರಿ ಎಲ್ಲಿ? ಗಮ್ಮಿನ ಕೆಳಗೇ ಕೂತು ಅದನ್ನು ಬಿಡಿಸುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ತೇವ ನೋಡದೆ ಅಂಟಿಸಬೇಡ.

ಆಮೇಲೆ ಆ ಗಮ್ ಕೆರೆದವರು ಯಾರು? ನಾನು, ನಿಮ್ಮ ದೊಡ್ಡಪ್ಪ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಒಂದೊಂದೇ ಕಿತ್ತೆವು, ಮಂಡಿ ಹಿಡಿದುಕೊಂಡಿತು. ನಿಮ್ಮ ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಗ್ರಾನೈಟ್ ಹಾಕಿಸಬೇಕಿತ್ತು ಅತ್ತಿಗೆ ಅಂದು ಹೊರಟೇಬಿಟ್ಟರು. ಖರ್ಚು ಜಾಸ್ತಿ ಬೇಡ ಅಂದಿದ್ದವರೂ ಅವರೇ ಅಲ್ವಾ! ಗ್ರೂಪಿನಲ್ಲೇ ಇದ್ದಾರೆ, ಓದಲಿ. ನೀವೂ ಅಷ್ಟೇ, ಸಾಮಾನು ತಂದ ಮೇಲೆ ದೊಡ್ಡಮ್ಮನ ನೆನಪು. ಮುಂಚೆ ಒಂದು ಫೋನ್ ಮಾಡಿದ್ದರೆ ಬೇಡ ಅನ್ನುತ್ತಿದ್ದೆನಾ? ಬೇಜಾರಾಗುತ್ತದೆ ಮಗಳೇ.

ಅಯ್ಯೋ, ಮಾಡಬೇಕಾದ್ದೇ ಹೇಳಲಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡಡಿ ಚೌಕ ಕತ್ತರಿಸಿ, ಗಾಳಿಯಾಡದ ಹಾಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸು. ಗೋಡೆ ಹತ್ತಿರ ಒಂದು, ನಡುವೆ ಒಂದು. 24 ಗಂಟೆ ಮುಟ್ಟಬೇಡ. ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ, ನೆಲದ ಬಣ್ಣ ಗಾಢವಾಗಿದ್ದರೆ, ಭಾನುವಾರದ ಕೆಲಸ ನಿಲ್ಲಿಸಿ ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕಿಸು. ಒಣಗಿದ್ದರೆ ಮುಂದುವರಿಸಿ. ಟೈಲ್ಸ್ ಡಬ್ಬಗಳನ್ನು ಇವತ್ತೇ ಆ ರೂಮಿನಲ್ಲಿಡು, 48 ಗಂಟೆ ಅಲ್ಲೇ ಇರಲಿ. ನೆಲ ನೀರು ಹೀರುವಂತಿದ್ದರೆ ಪ್ರೈಮರ್ ಬೇಕು, ಅಂದರೆ ಗಮ್ ಹಿಡಿಯಲಿ ಅಂತ ಮೊದಲು ನೆಲಕ್ಕೆ ಬಳಿಯುವ ದ್ರವ. ರೂಮಿನ ನಡುವಿನಿಂದ ಶುರು ಮಾಡಿ, ಲಟ್ಟಣಿಗೆ ಉರುಳಿಸಿ ಒತ್ತಿ. ಪ್ಲಾಸ್ಟಿಕ್ ಎತ್ತಿದ ಕೂಡಲೇ ಅಡಿಯ ಫೋಟೋ ತೆಗೆದು ಇಲ್ಲಿ ಹಾಕು, ನಾನು ನೋಡುತ್ತೇನೆ.