ಫ್ಲೀಟ್ ಎರಡನೇ ಗೇಟ್‌ಗೇ ಒಡೆದು ಹೋಗುತ್ತಿದೆ: ತಪ್ಪು ನೆಟ್‌ನದಾ, ಎಫ್‌ಸಿಯದಾ?

ನವನಗರ_ಪೈಲಟ್ (ಬಾಗಲಕೋಟೆ)

ನಮಸ್ಕಾರ ಎಲ್ಲರಿಗೂ. ಈವ್ ಆನ್‌ಲೈನ್ (ಬಾಹ್ಯಾಕಾಶ ಹಡಗುಗಳ ಆನ್‌ಲೈನ್ ಆಟ) ಆಡುವವರು ಇಲ್ಲಿ ನಾಲ್ಕೈದು ಮಂದಿಯಾದರೂ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಸಣ್ಣ ಕಾರ್ಪೊರೇಶನ್, ಅಂದರೆ ಆಟಗಾರರ ಸಂಘ. ಬಾಗಲಕೋಟೆಯ ಕಾಲೇಜು ಹುಡುಗರು ಅರ್ಧ, ಬೆಳಗಾವಿಯವರು ಒಂದಿಷ್ಟು, ಪುಣೆಯಲ್ಲಿ ಕೆಲಸದಲ್ಲಿರುವ ದೋಸ್ತರು, ಆಟದಲ್ಲೇ ಪರಿಚಯವಾದ ಇಬ್ಬರು ಯುರೋಪಿನವರು. ಶನಿವಾರ ರಾತ್ರಿ ಊಟ ಮುಗಿಸಿ ಫ್ಲೀಟ್ (ಹಡಗುಗಳ ಗುಂಪು) ಕಟ್ಟುತ್ತೇವೆ. ಹದಿನೈದು ಜನರ ಆಸುಪಾಸು. ಮಿಸೈಲ್ ಹೊಡೆಯುವ ಕ್ಯಾರಕಲ್ ಹಡಗು ಜಾಸ್ತಿ, ರಿಪೇರಿಗೆ ಎರಡು ಆಸ್ಪ್ರೇ, ಉಳಿದವರು ಹ್ಯಾಂಗರ್‌ನಲ್ಲಿ ಏನಿದೆಯೋ ಅದನ್ನೇ ತರುತ್ತಾರೆ. ಎಫ್‌ಸಿ, ಅಂದರೆ ಫ್ಲೀಟ್ ನಡೆಸುವ ಕಮಾಂಡರ್, ನಾನೇ.

ಹೈ-ಸೆಕ್‌ನಲ್ಲಿ (ಕಾವಲು ಬಿಗಿ ಇರುವ ಜಾಗ) ಎಲ್ಲ ಚೆನ್ನಾಗಿರುತ್ತದೆ. ಲೋ-ಸೆಕ್‌ಗೆ (ಕಾವಲು ಕಡಿಮೆ ಇರುವ ಜಾಗ) ಕಾಲಿಟ್ಟು ಎರಡನೇ ಗೇಟ್ (ಒಂದು ನಕ್ಷತ್ರ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಜಂಪ್ ಮಾಡುವ ಬಾಗಿಲು) ಬರುವಷ್ಟರಲ್ಲಿ ಅರ್ಧ ಜನ ಆಚೆ, ಅರ್ಧ ಜನ ಈಚೆ. ಜಗಳ ಶುರುವಾದರೆ ಮೂರ್ನಾಲ್ಕು ಜನರ ಮಿಸೈಲ್ ಹಾರುವುದೇ ಇಲ್ಲ. ಲಾಜಿಯವರು (ಜೊತೆಯವರ ಹಡಗು ರಿಪೇರಿ ಮಾಡುವವರು) ರಿಪೇರಿ ಮಾಡ್ಯೂಲ್ ಆನ್ ಆಗುತ್ತಿಲ್ಲ ಅಂತಾರೆ. ಡಿಸ್ಕಾರ್ಡ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ನನ್ನ ಮಾತು ನನಗೇ ಕೇಳುವುದಿಲ್ಲ.

ನನ್ನ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) 180 ಮಿಲಿಸೆಕೆಂಡಿನ ಸುತ್ತ ಇದೆ. ಸರ್ವರ್ ಇರುವುದು ಲಂಡನ್‌ನಲ್ಲಿ, ಹಾಗಾಗಿ ಎಲ್ಲ ತಡವಾಗುತ್ತಿದೆ ಅಂತ ನನ್ನ ಅನುಮಾನ. ನೆಟ್ ಪ್ಲಾನ್ ದೊಡ್ಡದು ಮಾಡಿಸಿದೆ, ಹೊಸ ಹೆಡ್‌ಸೆಟ್ ತಂದೆ. ಏನೂ ಬದಲಾಗಲಿಲ್ಲ. ಇನ್ನೇನು ಮಾಡಬೇಕು, ಯಾರಾದರೂ ಹೇಳ್ರಿ.

ಟಿಳಕವಾಡಿ_ಲಾಜಿ (ಬೆಳಗಾವಿ)

ನೆಟ್ ಬದಿಗಿಡಿ. ಮೊದಲು ಇಷ್ಟು ಹೇಳಿ. ಸ್ಕೌಟ್ (ಮುಂದೆ ಹೋಗಿ ನೋಡಿ ಹೇಳುವವನು) ಯಾರು? ಟಾರ್ಗೆಟ್ ಕರೆಯುವವರು ಯಾರು? ಗೇಟ್ ಮೇಲೆ ನಿಲ್ಲಿಸಬೇಕಾದರೆ ಬಾಯಲ್ಲಿ ಏನು ಹೇಳುತ್ತೀರಿ, ಅದೇ ಮಾತಿನಲ್ಲಿ ಬರೆಯಿರಿ. ಫ್ಲೀಟ್ ಒಡೆಯುವ ಮುಂಚೆ ಅದೇ ಗೇಟ್‌ನಲ್ಲಿ ಯಾರಾದರೂ ಗುಂಡು ಹೊಡೆದಿದ್ದರಾ? ಮಿಸೈಲ್ ಹಾರದವರ ಸೇಫ್ಟಿ ಬಟನ್ (ಆಟದ ಕಾನೂನು ಮುರಿಯುವ ಹೊಡೆತ ತಡೆಯುವುದು) ಯಾವ ಬಣ್ಣದಲ್ಲಿದೆ?

ನವನಗರ_ಪೈಲಟ್

ಸ್ಕೌಟ್ ನಾನೇ, ಎರಡನೇ ಒಮೆಗಾ (ದುಡ್ಡು ಕಟ್ಟಿದ) ಅಕೌಂಟ್ ಪಕ್ಕದ ಮಾನಿಟರ್‌ನಲ್ಲಿ ಓಡುತ್ತಿರುತ್ತದೆ. ಟಾರ್ಗೆಟ್ ಕರೆಯುವುದೂ ನಾನೇ. ಹೊಸಬರು ಏನಾದರೂ ಕೇಳಿದರೆ ಅದಕ್ಕೂ ನಾನೇ ಉತ್ತರ ಕೊಡುತ್ತೇನೆ, ಇಲ್ಲದಿದ್ದರೆ ಪಾಪ ಮುಂದಿನ ವಾರ ಬರುವುದೇ ಇಲ್ಲ ಅವರು.

ಗೇಟ್ ಮೇಲೆ "ಯಾರೂ ಜಂಪ್ ಮಾಡಬೇಡ್ರಿ, ನಾನು ಹೇಳಿದ ಮೇಲೆ ಜಂಪ್ ಮಾಡ್ರಿ" ಅಂತ ಹೇಳುತ್ತೇನೆ. ಹೌದು, ಹೋದ ಸಲ ಆ ಗೇಟ್‌ನಲ್ಲಿ ಒಂದು ಫ್ರಿಗೇಟ್ (ಸಣ್ಣ ಹಡಗು) ಸಿಕ್ಕಿತ್ತು, ನಾಲ್ಕೈದು ಜನ ಹೊಡೆದರು, ಅದು ತಪ್ಪಿಸಿಕೊಂಡಿತು. ಸೇಫ್ಟಿ ಬಣ್ಣ ಕೇಳಿ ನೋಡಿದೆ. ಹಸಿರು ಅಂತೆ.

ವಿಜಾಪುರ_ಕಾಕಾ (ವಿಜಯಪುರ)

ತಮ್ಮಾ, ನಿನ್ನ ಉತ್ತರದಲ್ಲೇ ಕಾಯಿಲೆ ಇದೆ. ಒಂದೊಂದೇ ಹೇಳುತ್ತೇನೆ, ಉದ್ದ ಆಗುತ್ತದೆ, ಓದು.

ಪಿಂಗ್ ವಿಷಯ ಮರೆತುಬಿಡು. ಈವ್ ಸರ್ವರ್ ಸೆಕೆಂಡಿಗೆ ಒಂದು ಸಲ ಮಾತ್ರ ಲೆಕ್ಕ ಹಾಕುತ್ತದೆ. ನೀನು ಒತ್ತಿದ ಬಟನ್ 30 ಮಿಲಿಸೆಕೆಂಡಿಗೆ ತಲುಪಿದರೂ 180ಕ್ಕೆ ತಲುಪಿದರೂ ಬಹುತೇಕ ಸಲ ಅದೇ ಸೆಕೆಂಡಿನ ಲೆಕ್ಕಕ್ಕೆ ಸೇರುತ್ತದೆ. ಗುಂಡಿನ ಆಟಗಳಲ್ಲಿ ಪಿಂಗ್ ಜೀವ ತೆಗೆಯುತ್ತದೆ, ಇಲ್ಲಿ ಹಾಗಲ್ಲ. ಪ್ಯಾಕೆಟ್ ಬಿಟ್ಟುಹೋಗುತ್ತಿದ್ದರೆ, ಲೈನ್ ಕಟ್ ಆಗುತ್ತಿದ್ದರೆ ಅದು ಬೇರೆ ಮಾತು. ಇನ್ನು ಟೈಮ್ ಡೈಲೇಶನ್ ಬರುವುದು ಒಂದೇ ಸಿಸ್ಟಮ್‌ನಲ್ಲಿ ವಿಪರೀತ ಜನ ಸೇರಿದಾಗ. ಆಗ ಸರ್ವರ್ ಕಾಲವನ್ನೇ ನಿಧಾನ ಮಾಡುತ್ತದೆ, ಶೇಕಡಾ 10ರ ತನಕ ಇಳಿಸುತ್ತದೆ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಸಿಸ್ಟಮ್‌ನಲ್ಲಿ 75 ಟೈಟನ್ (ಆಟದ ಅತಿ ದೊಡ್ಡ ಹಡಗು) ಮಣ್ಣಾದ ಜಗಳ ಇಪ್ಪತ್ತು ತಾಸಿನ ಮೇಲೆ ನಡೆದದ್ದರಲ್ಲಿ ಅದರ ಪಾಲೂ ಇತ್ತು. ನಿನ್ನ ಹದಿನೈದು ಜನಕ್ಕೆ ಸರ್ವರ್ ಕಣ್ಣೂ ಮಿಟುಕಿಸುವುದಿಲ್ಲ.

ಈಗ ಗೇಟ್. ಇಲ್ಲಿ ಎರಡು ಕಾರಣ ಕೂಡಿಕೊಂಡಿವೆ. ಯಾರು ಆ ಫ್ರಿಗೇಟ್‌ಗೆ ಹೊಡೆದರೋ ಅವರಿಗೆ ವೆಪನ್ಸ್ ಟೈಮರ್ ಬಿತ್ತು. 60 ಸೆಕೆಂಡ್. ಅದು ಮುಗಿಯುವ ತನಕ ಗೇಟ್ ಅವರನ್ನು ಒಳಗೆ ಬಿಡುವುದಿಲ್ಲ, ಸ್ಟೇಶನ್ನೂ ಬಿಡುವುದಿಲ್ಲ, ಮತ್ತೆ ಗುಂಡು ಹೊಡೆದರೆ ಮತ್ತೆ ಮೊದಲಿನಿಂದ 60. ಹೊಡೆಯದವರು ನಿನ್ನ ಮಾತು ಕೇಳಿ ಆಚೆ ಹೋದರು, ಹೊಡೆದವರು ಈಚೆ ಉಳಿದರು. ಹಾಗಾಗಿ ಗುಂಡು ಹಾರಿದ ಮೇಲೆ ಜಂಪ್ ಹೇಳುವ ಮುಂಚೆ "ಟೈಮರ್ ಯಾರಿಗಿದೆ, ಫ್ಲೀಟ್ ಚಾಟ್‌ನಲ್ಲಿ ಎಕ್ಸ್ ಹಾಕಿ" ಅಂತ ಕೇಳು. ಎಕ್ಸ್ ಹಾಕಿದವರು ಕ್ಲಿಯರ್ ಅನ್ನುವ ತನಕ ಕಾಯು.

ಎರಡನೆಯದು ನಿನ್ನ ವಾಕ್ಯ. "ಜಂಪ್ ಮಾಡಬೇಡ್ರಿ" ಅನ್ನುತ್ತೀಯಲ್ಲ, ಅದರಲ್ಲಿ ಜಂಪ್ ಮೊದಲು ಬರುತ್ತದೆ, ಬೇಡ ಕೊನೆಗೆ ಬರುತ್ತದೆ. ಗದ್ದಲದಲ್ಲಿ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ, ಬೆರಳು ಆಗಲೇ ಬಟನ್ ಮೇಲೆ ಇರುತ್ತದೆ. ಇಂಗ್ಲಿಷ್ ಎಫ್‌ಸಿಗಳಿಗೂ ಇದೇ ನಿಯಮ, ಆದರೆ ನಮಗೆ ಇನ್ನೂ ಜಾಸ್ತಿ ಬೇಕು. ಜಂಪ್ ಎಂಬ ಮಾತು ನಿನ್ನ ಬಾಯಲ್ಲಿ ಬರುವುದು ಜಂಪ್ ಮಾಡಿಸುವಾಗ ಮಾತ್ರ, ಆಗ ಎರಡು ಸಲ: "ಜಂಪ್ ಜಂಪ್". ನಿಲ್ಲಿಸಬೇಕಾದರೆ "ಗೇಟ್ ಮೇಲೆ ಹೋಲ್ಡ್". ಹಾಗೇ ಆಚೆ ಹೋದ ಮೇಲೆ "ಹೋಲ್ಡ್ ಕ್ಲೋಕ್" ಅಂದರೆ ಸಾಕು, ಜಂಪ್ ಆದಮೇಲೆ ಗೇಟ್ ಕೊಡುವ ಮರೆ 60 ಸೆಕೆಂಡ್ ಇರುತ್ತದೆ, ಅಲುಗಾಡದಿದ್ದರೆ. ಪುಣೆಯವರು, ಯುರೋಪಿನವರು ಇದ್ದಾರೆ ಅಂದೆಯಲ್ಲ, ಆಜ್ಞೆಗಳು ಈ ಏಳೆಂಟು ಇಂಗ್ಲಿಷ್ ಪದಗಳಲ್ಲೇ ಇರಲಿ. ಉಳಿದ ಹರಟೆ ಕನ್ನಡವೋ ಮರಾಠಿಯೋ ಏನಾದರೂ ನಡೆಯಲಿ.

ಫ್ಲೀಟ್ ವಾರ್ಪ್ (ಎಲ್ಲರನ್ನೂ ಒಟ್ಟಿಗೆ ದೂರಕ್ಕೆ ಹಾರಿಸುವುದು) ಒತ್ತುವ ಮುಂಚೆಯೇ ಇಳಿದ ಮೇಲೆ ಏನು ಮಾಡಬೇಕು ಅಂತ ಹೇಳಿಬಿಡು. ವಾರ್ಪ್‌ನಲ್ಲಿರುವಾಗ ಎಲ್ಲರ ಕೈ ಖಾಲಿ, ಕಿವಿ ಖಾಲಿ. ಇಳಿದ ಮೇಲೆ ಹೇಳಲು ಹೋದರೆ ಅಷ್ಟರಲ್ಲಿ ಒಬ್ಬೊಬ್ಬರೂ ಒಂದೊಂದು ಮಾಡಿರುತ್ತಾರೆ.

ಕೊನೆಗೆ ದೊಡ್ಡ ಮಾತು. ಎಫ್‌ಸಿ ನೀನೇ, ಸ್ಕೌಟ್ ನೀನೇ, ಟಾರ್ಗೆಟ್ ನೀನೇ, ಮಾಸ್ತರನೂ ನೀನೇ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನೇ ಹಿಂದಿನ ಟ್ರಾಲಿ ಹತ್ತಿ ಹಗ್ಗ ಬಿಗಿಯುತ್ತೇನೆ ಅಂದರೆ ಹೇಗಪ್ಪಾ? ಎರಡನೇ ಮಾನಿಟರ್ ಆರಿಸು. ಅಗ್ಗದ ಫ್ರಿಗೇಟ್ ಕೊಟ್ಟು ಒಬ್ಬ ಹುಡುಗನನ್ನು ಒಂದು ಗೇಟ್ ಮುಂದೆ ಕಳಿಸು. ಫ್ಲೀಟ್ ವಾರ್ಪ್‌ನಿಂದ ಹೊರಗಿರುವ ಆಯ್ಕೆ ಫ್ಲೀಟ್ ವಿಂಡೋದಲ್ಲೇ ಇದೆ, ಅವನು ಅದನ್ನು ಹಾಕಿಕೊಳ್ಳಲಿ, ಇಲ್ಲದಿದ್ದರೆ ನಿನ್ನ ವಾರ್ಪ್ ಅವನನ್ನೂ ಎಳೆಯುತ್ತದೆ. ಅವನು ಹೇಳಬೇಕಾದದ್ದು ಮೂರೇ: ಲೋಕಲ್‌ನಲ್ಲಿ (ಆ ಸಿಸ್ಟಮ್‌ನ ಚಾಟ್ ಪಟ್ಟಿ) ಎಷ್ಟು ಜನ, ಗೇಟ್ ಮೇಲೆ ಯಾವ ಹಡಗು, ಡಿ-ಸ್ಕ್ಯಾನ್‌ನಲ್ಲಿ (ಸುತ್ತಲಿನ ಹಡಗು ತೋರಿಸುವ ಸ್ಕ್ಯಾನರ್) ಏನು. ಡಿ-ಸ್ಕ್ಯಾನ್ 14.3 ಎಯು (ಭೂಮಿ-ಸೂರ್ಯರ ದೂರದ 14.3 ಪಟ್ಟು) ತನಕ ಮಾತ್ರ ನೋಡುತ್ತದೆ, ಖಾಲಿ ಕಂಡರೆ ಸಿಸ್ಟಮ್ಮೇ ಖಾಲಿ ಅಂತ ಅಲ್ಲ, ಅದನ್ನು ಹುಡುಗನಿಗೆ ತಿಳಿಸಿರು. "ಭಾಳ ಜನ ಅದಾರ" ಅನ್ನುವ ಸ್ಕೌಟ್ ಇದ್ದೂ ಇಲ್ಲದ ಹಾಗೆ.

ಟಿಳಕವಾಡಿ_ಲಾಜಿ

ಕಾಕಾ ಗೇಟ್ ವಿಷಯ ಮುಗಿಸಿಬಿಟ್ಟರು. ನಾನು ಲಾಜಿ ಕಡೆಯಿಂದ ಹೇಳುತ್ತೇನೆ, ಆಸ್ಪ್ರೇ ಹಾರಿಸುವುದೇ ನನ್ನ ಕೆಲಸ.

ಮಿಸೈಲ್ ಹಾರದಿರುವುದಕ್ಕೆ ಕಾರಣ ಹಸಿರು ಸೇಫ್ಟಿ. ಲೋ-ಸೆಕ್‌ನಲ್ಲಿ ಸುಮ್ನೆ ಇರುವವನ ಹಡಗಿಗೆ ಹೊಡೆದರೆ ನೀವು ಸಸ್ಪೆಕ್ಟ್ ಆಗುತ್ತೀರಿ (ಯಾರು ಬೇಕಾದರೂ ನಿಮಗೆ ಹೊಡೆಯಬಹುದು), ಹಸಿರು ಸೇಫ್ಟಿ ಅದನ್ನು ತಡೆಯುತ್ತದೆ. ಹಳದಿ ಮಾಡಿಸಿ. ಕೆಂಪು ಬೇಡ. ಪಾಡ್‌ಗೆ (ಹಡಗು ಒಡೆದಾಗ ಪೈಲಟ್ ಉಳಿಯುವ ಗೂಡು) ಹೊಡೆದು ಕ್ರಿಮಿನಲ್ ಆಗುವ ಉತ್ಸಾಹ ಹೊಸಬರಿಗೆ ಬಂದೇ ಬರುತ್ತದೆ. ಲಾಜಿಯವರದ್ದೂ ಇದೇ ಕಥೆ. ಸಸ್ಪೆಕ್ಟ್ ಆದವನಿಗೆ ಶೀಲ್ಡ್ ತುಂಬಿದರೆ ತುಂಬಿದವನೂ ಸಸ್ಪೆಕ್ಟ್, ಹಾಗಾಗಿ ಹಸಿರಿನಲ್ಲಿ ಆ ಮಾಡ್ಯೂಲ್ ಆನ್ ಆಗುವುದೇ ಇಲ್ಲ. ಇಬ್ಬರೂ ಹಳದಿ ಮಾಡಿಕೊಂಡರೆ ಮುಗಿಯಿತು. ಇನ್ನೊಂದು, ಗೇಟ್ ಪಕ್ಕದಲ್ಲಿ ಹೀಗೆ ಜಗಳ ತೆಗೆದರೆ ಗೇಟ್‌ನ ಸೆಂಟ್ರಿ ಗನ್ನು ನಿಮಗೇ ಹೊಡೆಯುತ್ತದೆ. ಕ್ರೂಸರ್ ಲಾಜಿ ಇದ್ದರೆ ತಡೆಯುತ್ತದೆ, ಫ್ರಿಗೇಟ್ ತಡೆಯುವುದಿಲ್ಲ, ಆ ಹುಡುಗರು ಮೊದಲ ಗುಂಡು ಹಾರಿಸಬಾರದು.

ಆಮೇಲೆ "ಹ್ಯಾಂಗರ್‌ನಲ್ಲಿ ಏನಿದೆಯೋ ಅದು" ಅಂದಿರಲ್ಲ, ಅದು ನನಗೆ ಕೋಪ ಬರಿಸುವ ಮಾತು. ಆಸ್ಪ್ರೇ ತುಂಬುವುದು ಶೀಲ್ಡ್. ಒಬ್ಬ ಆರ್ಮರ್ ಹಾಕಿದ ಥೋರಾಕ್ಸ್ ತಂದು "ಲಾಜಿ ಎಲ್ಲಿದ್ದೀರಿ" ಅಂತ ಕೂಗಿದರೆ ನಾವು ಏನು ಮಾಡಬೇಕು? ಕಾರ್ಪ್‌ನ ಫಿಟ್ಟಿಂಗ್ ಪಟ್ಟಿಯಲ್ಲಿ ಒಂದೇ ಕ್ಯಾರಕಲ್ ಫಿಟ್ ಹಾಕಿಡಿ, ಫ್ಲೀಟ್ ಮೋಟ್ಡ್‌ನಲ್ಲಿ (ಫ್ಲೀಟ್ ಚಾಟ್‌ನ ಮೊದಲ ಸೂಚನೆ) ಅದರ ಲಿಂಕ್ ಕೊಡಿ. ಅದನ್ನು ತರಲಾಗದವರು ಸ್ಕೌಟ್ ಆಗಲಿ, ಇಲ್ಲವೇ ಎದುರಿನವರನ್ನು ಹಿಡಿದು ನಿಲ್ಲಿಸುವ ಅಗ್ಗದ ಫ್ರಿಗೇಟ್ ತರಲಿ.

ಸಹಾಯ ಕೇಳುವುದೂ ಬಾಯಲ್ಲಿ ಅಲ್ಲ. ಶೀಲ್ಡ್ ಬೇಕು ಅನ್ನುವ ಬ್ರಾಡ್‌ಕಾಸ್ಟ್ ಬಟನ್ ಇದೆ, ಎದುರಿನವನು ಲಾಕ್ ಮಾಡುತ್ತಿದ್ದಾನೆ ಅಂತ ಕಂಡ ಕೂಡಲೇ ಒತ್ತಿ. ಶೀಲ್ಡ್ ಅರ್ಧ ಆದಮೇಲೆ ಒತ್ತಿದರೆ ನಾನು ಲಾಕ್ ಮಾಡುವಷ್ಟರಲ್ಲಿ ನೀವು ಪಾಡ್‌ನಲ್ಲಿ ಇರುತ್ತೀರಿ. ನಮಗೆ ಬ್ರಾಡ್‌ಕಾಸ್ಟ್ ಪಟ್ಟಿಯ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಲಾಕ್ ಶುರುವಾಗುತ್ತದೆ, ಹೆಸರು ಹುಡುಕಬೇಕಿಲ್ಲ. ಟಾರ್ಗೆಟ್ ಕರೆಯುವವರೂ ಹಾಗೇ ಬ್ರಾಡ್‌ಕಾಸ್ಟ್ ಮಾಡಲಿ. ಅರ್ಧ ಗದ್ದಲ ಇಲ್ಲೇ ಇಳಿಯುತ್ತದೆ. ಡಿಸ್ಕಾರ್ಡ್‌ನಲ್ಲಿ ಎಲ್ಲರಿಗೂ ಪುಶ್-ಟು-ಟಾಕ್ (ಕೀ ಒತ್ತಿದಾಗ ಮಾತ್ರ ಮೈಕ್) ಕಡ್ಡಾಯ ಮಾಡಿ, ಎಫ್‌ಸಿಗೆ ಪ್ರಯಾರಿಟಿ ಸ್ಪೀಕರ್ ಕೊಡಿ. ಆಗ ನೀವು ಪ್ರಯಾರಿಟಿ ಕೀ ಒತ್ತಿ ಮಾತಾಡಿದರೆ ಉಳಿದವರ ದನಿ ತಗ್ಗುತ್ತದೆ.

ಗೋಕಾಕ_ಮೈನರ್ (ಬೆಳಗಾವಿ ಜಿಲ್ಲೆ)

ನಾನು ಜಗಳಕ್ಕೆ ಹೋಗುವವನಲ್ಲ, ಕಲ್ಲು ಒಡೆಯುವವನು. ಒಂದೇ ಮಾತು. ಕರೆಂಟ್ ಹೋದರೆ ಏನು ಮಾಡುತ್ತೀರಿ? ಜಗಳದಲ್ಲಿ ಲೈನ್ ಕಟ್ ಆದರೆ ಹಡಗು ಅಲ್ಲೇ ಉಳಿಯುತ್ತದೆ, ಪಿವಿಪಿ (ಆಟಗಾರರ ನಡುವಿನ ಜಗಳ) ಟೈಮರ್ ಇದ್ದರೆ 15 ನಿಮಿಷ. ಇನ್ವರ್ಟರ್‌ಗೆ ಕಂಪ್ಯೂಟರ್ ಹಾಕಿದವರೂ ರೂಟರ್ ಮರೆತಿರುತ್ತಾರೆ. ರೂಟರ್‌ಗೆ ಸಣ್ಣ ಯುಪಿಎಸ್ ಸಿಗುತ್ತದೆ, ಫೈಬರ್‌ನವರ ಡಬ್ಬಿ ಬೇರೆ ಇದ್ದರೆ ಅದಕ್ಕೂ ಒಂದು ಬೇಕು. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ನೋಡಿ ತಗೊಳ್ಳಿ.

ವಿಜಾಪುರ_ಕಾಕಾ

ಇದು ಸರಿ. ಜೊತೆಗೆ ಇನ್ನೊಬ್ಬ ಎಫ್‌ಸಿ ಮೊದಲೇ ನಿಗದಿ ಆಗಿರಲಿ. ಅವನನ್ನು ವಿಂಗ್ (ಫ್ಲೀಟ್‌ನ ಒಂದು ಭಾಗ) ಕಮಾಂಡರ್ ಜಾಗದಲ್ಲಿ ಕೂರಿಸು, ಆಗ ನೀನು ಬಿದ್ದುಹೋದರೂ ಅವನು ಆ ವಿಂಗನ್ನು ವಾರ್ಪ್ ಮಾಡಿಸಬಲ್ಲ. ಒಂದು ಫ್ಲೀಟ್‌ನಲ್ಲಿ 256 ಜನರ ತನಕ ಜಾಗ ಇದೆ, ವಿಂಗು ಸ್ಕ್ವಾಡು ಅಂತ ಅಷ್ಟೆಲ್ಲ ಕಟ್ಟಿರುವುದು ದೊಡ್ಡವರಿಗೆ. ನಿನಗೆ ಒಂದು ವಿಂಗ್ ಸಾಕು.

ನವನಗರ_ಪೈಲಟ್

ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರದ ವರದಿ ಕೊಡುತ್ತೇನೆ. ಸ್ಕೌಟ್ ಕೆಲಸ ವಿದ್ಯಾಗಿರಿಯ ಒಬ್ಬ ಹುಡುಗನಿಗೆ ಕೊಟ್ಟೆ, ಅವನಿಗೆ ಖುಷಿಯೋ ಖುಷಿ, ನನ್ನ ತಲೆನೋವು ಅರ್ಧ ಇಳಿಯಿತು. ಗೇಟ್‌ಗಳಲ್ಲಿ ಫ್ಲೀಟ್ ಒಡೆಯಲಿಲ್ಲ. ಸೇಫ್ಟಿ ಹಳದಿ ಮಾಡಿಸಿದ ಮೇಲೆ ಎಲ್ಲರ ಮಿಸೈಲೂ ಹಾರಿದವು, ಲಾಜಿಯೂ ಕೆಲಸ ಮಾಡಿತು. ಟಾಮಾ ಸಿಸ್ಟಮ್‌ನಲ್ಲಿ ಒಂದು ಗುಂಪು ಸಿಕ್ಕಿತು, ನಾಲ್ಕು ಹಡಗು ಹೊಡೆದೆವು, ಮೂರು ಕಳೆದುಕೊಂಡೆವು.

ಉಳಿದದ್ದು ಎರಡು. ಯುರೋಪಿನವರು ಬಂದದ್ದು ಜಗಳ ಮುಗಿದ ಮೇಲೆ, ಟೈಮ್ ತಪ್ಪು ತಿಳಿದಿದ್ದರು. ಇನ್ನೊಂದು ವಿಚಿತ್ರ. ಜಗಳ ಜೋರಾಗಿರುವಾಗ ನಮ್ಮೆಲ್ಲರ ಗುಂಡು ಒಮ್ಮೆಲೇ ನಿಂತುಬಿಡುತ್ತದೆ, ಅರ್ಧ ನಿಮಿಷ ಸುಮ್ನೆ ನೋಡುತ್ತಾ ಕೂರಬೇಕು. ಆ ಮೂರು ಹಡಗು ಹೋದದ್ದು ಆ ಹೊತ್ತಿನಲ್ಲೇ. ಇದೂ ಸೇಫ್ಟಿಯಾ?

ಟಿಳಕವಾಡಿ_ಲಾಜಿ

ಸೇಫ್ಟಿ ಅಲ್ಲ ರೀ. ಕ್ಯಾರಕಲ್‌ಗೆ ರ‍್ಯಾಪಿಡ್ ಲೈಟ್ ಲಾಂಚರ್ ಹಾಕಿದ್ದೀರಿ ಅಲ್ವಾ? ಅದು ಬೇಗ ಬೇಗ ಹೊಡೆದು ಖಾಲಿ ಆಗುತ್ತದೆ, ಆಮೇಲೆ ರೀಲೋಡ್‌ಗೆ 35 ಸೆಕೆಂಡ್. ಎಲ್ಲರೂ ಒಟ್ಟಿಗೆ ಶುರು ಮಾಡಿದಿರಿ, ಒಟ್ಟಿಗೆ ಖಾಲಿ ಆಯಿತು. ಹತ್ತು ಕ್ಯಾರಕಲ್ ಇದ್ದರೆ ಎರಡು ಗುಂಪು ಮಾಡಿ, ಎರಡನೇ ಗುಂಪು ತುಸು ತಡವಾಗಿ ಶುರು ಮಾಡಲಿ, ಅಥವಾ ಸೆಕೆಂಡರಿ ಟಾರ್ಗೆಟ್ ಮೇಲೆ ಹೋಗಲಿ. ಸಣ್ಣ ಫ್ರಿಗೇಟ್ ಮೇಲೆ ಎಲ್ಲರೂ ಮುಗಿಬೀಳಬಾರದು, ಅದು ಸತ್ತ ಮೇಲೂ ದಾರಿಯಲ್ಲಿದ್ದ ಮಿಸೈಲ್ ಅಷ್ಟೂ ದಂಡ. ಪ್ರತಿ ಜಗಳ ಮುಗಿದ ಕೂಡಲೇ "ರೀಲೋಡ್" ಅಂತ ಕರೆಯಿರಿ. ಅರ್ಧ ಖಾಲಿ ಲಾಂಚರ್ ಇಟ್ಟುಕೊಂಡು ಮುಂದಿನ ಗೇಟ್‌ಗೆ ಹೋಗುವವರೇ ಜಾಸ್ತಿ.

ವಿಜಾಪುರ_ಕಾಕಾ

ಟೈಮ್ ಯಾವಾಗಲೂ ಈವ್ ಟೈಮ್‌ನಲ್ಲೇ ಹಾಕು. ಅದು ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ರಾತ್ರಿ ಒಂಬತ್ತೂವರೆ ಅಂದರೆ 16:00. ಯುರೋಪಿನವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ಈವ್ ಟೈಮ್ ತಿರುಗುವುದಿಲ್ಲ, ಹಾಗಾಗಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಗೆ ಒಮ್ಮೆ ಅವರಿಗೆ ನೆನಪು ಮಾಡು. ಮಧ್ಯಾಹ್ನ ಫ್ಲೀಟ್ ಇಡುವುದಾದರೆ ನಾಲ್ಕೂವರೆ ತಪ್ಪಿಸು, ದಿನವೂ 11:00ಕ್ಕೆ ಡೌನ್‌ಟೈಮ್, ಸರ್ವರ್ ಎಲ್ಲರನ್ನೂ ಹೊರಗೆ ಹಾಕುತ್ತದೆ.

ನಾಲ್ಕಕ್ಕೆ ಮೂರು ಕೆಟ್ಟದ್ದೇನಲ್ಲ. ಆ ಸ್ಕೌಟ್ ಹುಡುಗನಿಗೆ ಮುಂದಿನ ಫ್ರಿಗೇಟ್ ಕಾರ್ಪ್ ಖರ್ಚಿನಲ್ಲಿ ಕೊಡಿಸು.