ಹವಾ ಇಳಿಯುವುದು, ಸ್ಪ್ರಿಂಗ್ ಕೂರುವುದು: ಎರಡು ಏರ್‌ಗನ್ನಿಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಒಂದೇ ಪುಟದ ಮಾಹಿತಿ ಹಾಳೆ ಬರೆಯಲು ಕೂತು ಮೂರು ದಿನವಾಯಿತು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮಗ ಇಲ್ಲಿ ಧಾರವಾಡದಲ್ಲಿ ಏರ್ ರೈಫಲ್ ಕಲಿಯುತ್ತಿದ್ದಾನೆ. ಹೊಸದಾಗಿ ಬರುವ ಮಕ್ಕಳ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ: ಯಾವುದು ತಗೊಳ್ಳೋಣ, ಸ್ಪ್ರಿಂಗಿನದಾ, ಪಿಸಿಪಿನಾ? ಅದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ಕೋಚ್ ನನ್ನ ತಲೆಗೆ ಕಟ್ಟಿದರು. "ನೀವು ಕನ್ನಡ ಚಲೋ ಬರೀತೀರಲ್ರೀ" ಅಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಪಿಸಿಪಿ ಅಂದರೆ ಪ್ರೀ ಚಾರ್ಜ್ಡ್ ನ್ಯೂಮ್ಯಾಟಿಕ್, ಮೊದಲೇ ಗಾಳಿ ಒತ್ತಿ ತುಂಬಿಟ್ಟ ಗನ್ನು. ನಿಘಂಟು ಹಿಡಿದುಕೊಂಡು ಪದಕ್ಕೆ ಪದ ಇಟ್ಟಾಗ ಬಂದದ್ದು 'ಪೂರ್ವಭರಿತ ವಾಯುಚಾಲಿತ ಬಂದೂಕು'. ಸ್ಪ್ರಿಂಗಿನದಕ್ಕೆ ಬಂದದ್ದು 'ಸುರುಳಿಚಾಲಿತ ಬಂದೂಕು'. ಮಗ ಓದಿ ಕೇಳಿದ: "ಅಪ್ಪಾ, ಇದೇನ್ ರೈಲ್ವೆ ಟೆಂಡರಾ?"

ಪದ ಭಾರ ಅನ್ನುವುದಷ್ಟೇ ತಕರಾರಲ್ಲ, ಅರ್ಥವೂ ತಪ್ಪುತ್ತದೆ. ಸ್ಪ್ರಿಂಗ್ ಗನ್ನಿನಲ್ಲೂ ಗುಂಡನ್ನು ತಳ್ಳುವುದು ಗಾಳಿಯೇ. ಸ್ಪ್ರಿಂಗ್ ಹೋಗಿ ಗುಂಡಿಗೆ ಗುದ್ದುತ್ತದೆ ಅಂತ ನಾನೂ ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಮುಂದಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಗುಂಡನ್ನು ಹೊರಗೆ ದೂಡುತ್ತದೆ. ಅಂದಮೇಲೆ ಎರಡೂ ವಾಯುಚಾಲಿತವೇ. ವ್ಯತ್ಯಾಸ ಇರುವುದು ಗಾಳಿ ಯಾವಾಗ ಒತ್ತಿಸಿಕೊಂಡಿತು ಅನ್ನುವುದರಲ್ಲಿ. ಒಂದರಲ್ಲಿ ಪ್ರತಿ ಏಟಿಗೂ ಹೊಸದಾಗಿ, ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ. ಇನ್ನೊಂದರಲ್ಲಿ ಮೊದಲೇ, ಸಿಲಿಂಡರಿನಲ್ಲಿ. ಕನ್ನಡದ ಹೆಸರು ಇದನ್ನು ಹೇಳಬೇಕಲ್ವಾ?

ಪದ ಹುಡುಕಲು ನಿಘಂಟು ಬಿಟ್ಟು ಜಾತ್ರೆಗೆ ಹೋದೆ. ಶಿವರಾತ್ರಿ ಹೊತ್ತಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆಗೆ ಹೋದವರಿಗೆ ಫುಗ್ಗಾ ಹೊಡೆಯುವ ಅಂಗಡಿ ಗೊತ್ತಿರುತ್ತದೆ. (ಮೈಸೂರು ಕಡೆಯವರಿಗೆ: ಫುಗ್ಗಾ ಅಂದರೆ ಬಲೂನು.) ಹಲಗೆಯ ಮೇಲೆ ಸಾಲಾಗಿ ಫುಗ್ಗಾ, ಮುಂದೆ ಮೇಜಿನ ಮೇಲೆ ಮೂರು ಸ್ಪ್ರಿಂಗ್ ಗನ್ನು. ಅಂಗಡಿಯವನು ನಳಿಗೆ ಹಿಡಿದು ಕೆಳಕ್ಕೆ ಮುರಿಯುತ್ತಾನೆ, ತೂತಿಗೆ ಒಂದು ಗುಂಡಿನ ಕಾಳು ಇಡುತ್ತಾನೆ, ಟಕ್ ಅಂತ ಮುಚ್ಚಿ ಕೈಗೆ ಕೊಡುತ್ತಾನೆ. ಇದಕ್ಕೆ ಹವಾ ಎಲ್ಲಿ ತುಂಬುತ್ತೀರಿ ಅಂತ ಸುಮ್ನೆ ಕೇಳಿದೆ. "ಇದು ಹವಾ ತುಂಬೂದಲ್ರೀ, ಮುರಿಯೂದು" ಅಂದ. ಪೂರ್ವಭರಿತ, ಸುರುಳಿಚಾಲಿತ ಎರಡನ್ನೂ ಅವನು ನಾಲ್ಕು ಪದದಲ್ಲಿ ಮುಗಿಸಿಬಿಟ್ಟ.

'ಹವಾ ತುಂಬುವ ಬಂದೂಕು' ನನಗೆ ಹಿಡಿಸಿತು. ನಮ್ಮ ಕಡೆ ಸೈಕಲ್ಲಿಗೆ ಗಾಳಿ ಹಾಕುವುದಿಲ್ಲ, ಹವಾ ಹಾಕುತ್ತೇವೆ. 'ಗಾಲಿಗೆ ಗಾಳಿ' ಅಂದರೆ ನಾಲಿಗೆ ತೊಡರುತ್ತದೆ, ಅದಕ್ಕೇ ಇರಬಹುದು! ಬೀಸುವುದು ಗಾಳಿ, ಒತ್ತಿ ತುಂಬಿದ್ದು ಹವಾ: ಹೀಗೊಂದು ಗೆರೆ ನಮ್ಮ ಮಾತಿನಲ್ಲಿ ತಾನಾಗೇ ಬಿದ್ದಿದೆ. ಆದರೆ ಬೆಂಗಳೂರಿನ ಓದುಗರಿಗೆ 'ಹವಾ' ಅಂದರೆ ಮೊದಲು ನೆನಪಾಗುವುದು ಸಿನಿಮಾ ಹೀರೋ. ಅಲ್ಲಿಯವರು ಹೇಳಿ, ಇದು ಅಡ್ಡಿಯಾಗುತ್ತದೆಯೇ?

'ಮುರಿ ಬಂದೂಕು' ಮಾತ್ರ ಒಪ್ಪಲಾರೆ. ಒಂದು, ಮುರಿದ ಬಂದೂಕು ಅಂತ ಓದಿಕೊಂಡು ಯಾವ ತಾಯಿಯೂ ದುಡ್ಡು ಕೊಡುವುದಿಲ್ಲ. ಎರಡು, ಎಲ್ಲ ಸ್ಪ್ರಿಂಗ್ ಗನ್ನಿನ ನಳಿಗೆಯೂ ಮುರಿಯುವುದಿಲ್ಲ. ಕೆಲವಕ್ಕೆ ಕೆಳಗೆ ಅಥವಾ ಪಕ್ಕದಲ್ಲಿ ಒಂದು ಸರಳು ಇರುತ್ತದೆ, ಅದನ್ನು ಎಳೆದು ಸ್ಪ್ರಿಂಗ್ ಒತ್ತಬೇಕು. ಜರ್ಮನಿಯ ಫೈನ್‌ವೆರ್ಕ್‌ಬಾವ್ 300 ಹಾಗಿತ್ತು, ಸ್ಪ್ರಿಂಗಿನಲ್ಲೇ ಒಂದು ಕಾಲಕ್ಕೆ ಸ್ಪರ್ಧೆಗಳನ್ನು ಆಳಿದ ಗನ್ನು ಅದು. ಹಾಗಾಗಿ ನನ್ನ ಮನಸ್ಸು 'ಕಮಾನು ಬಂದೂಕು' ಕಡೆ ವಾಲುತ್ತಿದೆ. ಹುಬ್ಬಳ್ಳಿ ಲಾರಿ ಗ್ಯಾರೇಜುಗಳಲ್ಲಿ ಸ್ಪ್ರಿಂಗಿಗೆ ಕಮಾನು ಅನ್ನುವುದನ್ನು ಕೇಳಿದ್ದೇನೆ. ಪಾರ್ಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಬಿಲ್ಲು ಬಂತೆಂದರೆ 'ಹೆದೆ' ಬರುತ್ತದೆ. ಕಾಕ್ ಮಾಡುವುದಕ್ಕೆ, ಅಂದರೆ ಸ್ಪ್ರಿಂಗ್ ಒತ್ತಿ ಗನ್ನನ್ನು ಸಿದ್ಧ ಮಾಡುವುದಕ್ಕೆ, 'ಹೆದೆ ಏರಿಸುವುದು' ಅನ್ನೋಣವೇ? ಹೆದೆ ಏರಿಸುವುದು ಅಂದರೆ ಬಿಲ್ಲಿಗೆ ದಾರ ಕಟ್ಟುವುದು, ಎಳೆಯುವುದಲ್ಲ ಅಂತ ನಿಮ್ಮಲ್ಲಿ ಒಬ್ಬರಾದರೂ ಹೇಳುತ್ತೀರಿ, ಗೊತ್ತು. ಸರಿಯೇ. ಹಾಗಾದರೆ 'ಹೆದೆ ಸೆಳೆ'?

'ಹೊಸ ಮಾದರಿ, ಹಳೆ ಮಾದರಿ' ಅಂತ ಬರೆದುಬಿಡಿ ಅಂದವರೂ ಇದ್ದಾರೆ. ಅದು ಸರಿಯಲ್ಲ. ಆಸ್ಟ್ರಿಯಾದ ಸೈನ್ಯ 1780ರ ಹೊತ್ತಿಗೇ ಜಿರಾರ್ಡೋನಿ ಅನ್ನುವ ಗಾಳಿ ಬಂದೂಕು ಹಿಡಿದಿತ್ತು. ಅದರ ಹಿಂಬದಿಯೇ ಹವಾ ಡಬ್ಬ. ಅದನ್ನು ಪೂರ್ತಿ ತುಂಬಲು ಕೈಪಂಪನ್ನು ಸಾವಿರಕ್ಕೂ ಹೆಚ್ಚು ಸಲ ಹೊಡೆಯಬೇಕಿತ್ತು. ಹವಾ ತುಂಬುವುದು ಹೊಸದೇನಲ್ಲ ಅಂತಾಯಿತು.

ಈಗ ನಿಜವಾದ ತೊಡಕು. ಹಾಳೆಯಲ್ಲಿ ಎರಡು ತಲೆಬರಹ ಇವೆ. ಮೊದಲನೆಯದು 'ವಿಶ್ವಾಸಾರ್ಹತೆ'. ಬ್ಯಾಂಕಿಗೆ ಸರಿ, ಬಂದೂಕಿಗೆ ಯಾರು ಹೀಗೆ ಹೇಳುತ್ತಾರೆ? ನಾವು ಕೇಳುವುದು 'ಕೈ ಕೊಡುತ್ತದಾ?' ಅಂತ. ಹೇಗೆ ಕೈ ಕೊಡುತ್ತದೆ ಅನ್ನುವುದಕ್ಕೆ ಕನ್ನಡದಲ್ಲಿ ಆಗಲೇ ಎರಡು ಬೇರೆ ಕ್ರಿಯಾಪದ ಇವೆ. ಹವಾ 'ಇಳಿಯುತ್ತದೆ'. ಸ್ಪ್ರಿಂಗ್ 'ಕೂರುತ್ತದೆ', ಅಂದರೆ ಬಿಗಿ ಕಳೆದುಕೊಳ್ಳುತ್ತದೆ.

ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಆಸುಪಾಸು. ಮಗನ ರೈಫಲ್ಲಿನ ಸಿಲಿಂಡರಿಗೆ 200 ಬಾರ್. ಕೈಪಂಪಿನಲ್ಲಿ 150 ದಾಟಿದ ಮೇಲೆ ತೋಳು ಸಾಲುವುದಿಲ್ಲ, ಇಡೀ ಮೈ ಹಾಕಿ ಒತ್ತಬೇಕು. ಒಂದು ಶನಿವಾರ ರಾತ್ರಿ ಬೆವರು ಸುರಿಸಿ ತುಂಬಿಟ್ಟೆ. ಬೆಳಿಗ್ಗೆ ನೋಡಿದರೆ ಮುಳ್ಳು 90ಕ್ಕೆ ಬಂದಿದೆ. ಸೋಪಿನ ನೀರು ಹಚ್ಚಿದಾಗ ಸಿಲಿಂಡರಿನ ಕುತ್ತಿಗೆ ಹತ್ತಿರ ಸಣ್ಣ ಗುಳ್ಳೆ ಒಂದಾದ ಮೇಲೊಂದು ಏಳುತ್ತಿತ್ತು. ಪಂಕ್ಚರ್ ಅಂಗಡಿಯಲ್ಲಿ ಕೂತ ಹಾಗೇ ಇತ್ತು. ಹೋಗಿದ್ದು ಒಂದು ಓ ರಿಂಗ್, ನಮ್ಮ ಕಡೆಯ ಮಾತಿನಲ್ಲಿ ವಾಯ್ಸರ್. ಕೆಲವೇ ರೂಪಾಯಿಯ ರಬ್ಬರ್ ಉಂಗುರ. ಆದರೆ ಅವತ್ತಿನ ಅಭ್ಯಾಸ ಹಾಳಾಯಿತು.

ಸ್ಪ್ರಿಂಗ್ ಹಾಗೆ ಒಂದೇ ರಾತ್ರಿಯಲ್ಲಿ ಮೋಸ ಮಾಡುವುದಿಲ್ಲ. ನಿಧಾನವಾಗಿ ಕೂರುತ್ತದೆ. ಒತ್ತಿಟ್ಟು ಹಾಗೇ ಮರೆತರೆ ಬೇಗ ಕೂರುತ್ತದೆ. ಕಾಳು ಇಡದೆ ಹೊಡೆದರೆ ಪಿಸ್ಟನ್ನಿನ ಸೀಲು ಹಾಳು. ಎಣ್ಣೆ ಜಾಸ್ತಿ ಬಿಟ್ಟರೆ ಒತ್ತಡದ ಕಾವಿಗೆ ಎಣ್ಣೆಯೇ ಹೊತ್ತಿಕೊಂಡು ಚಟ್ ಅಂತ ಸದ್ದು, ಹೊಗೆ. ಡೀಸೆಲ್ ಇಂಜಿನ್ ಕೆಲಸ ಮಾಡುವುದೂ ಹೀಗೇ, ಆದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಡೀಸೆಲಿಂಗ್ ಅನ್ನುತ್ತಾರೆ. ಇದಕ್ಕೆ ಕನ್ನಡ ಹುಡುಕುವುದು ಬೇಡ, ಬಿಡಿ.

ಎರಡನೆಯ ತಲೆಬರಹ 'ಆನಂದ'. ಇದೂ ಯಾಕೋ ಪ್ರವಚನದ ಹಾಗಿದೆ. ಸ್ಪ್ರಿಂಗ್ ಗನ್ನು ಕೊಡುವುದು ಮಜಾ. ಹವಾ ಗನ್ನು ಕೊಡುವುದು ಸಮಾಧಾನ. ಸ್ಪ್ರಿಂಗಿನದು ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿದಾಗ ಮುಂದಕ್ಕೆ ಜಗ್ಗುತ್ತದೆ. ಇದು ಶುರುವಾಗುವುದು ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ. ಗಟ್ಟಿಯಾಗಿ ಹಿಡಿದರೆ ಗುರಿ ತಪ್ಪುತ್ತದೆ. ಹಸುಗೂಸನ್ನು ಎತ್ತಿಕೊಂಡ ಹಾಗೆ ಸಡಿಲ ಹಿಡಿಯಬೇಕು. ಹಾಗೆ ಹಿಡಿದು ಹತ್ತರಲ್ಲಿ ಐದು ಸರಿ ಬಿದ್ದರೂ ಆ ದಿನ ಊಟ ರುಚಿ. ಹವಾ ತುಂಬಿದ್ದು ಅಲುಗಾಡುವುದೇ ಇಲ್ಲ ಅನ್ನಬಹುದು. ತಪ್ಪಿದರೆ ತಪ್ಪು ನಿಮ್ಮದೇ. ಹತ್ತು ಮೀಟರ್ ಸ್ಪರ್ಧೆಯಲ್ಲಿ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಗಸಗಸೆ ಕಾಳಿಗಿಂತ ಸಣ್ಣದು. ಅದಕ್ಕೆ ಇವತ್ತು ಎಲ್ಲರೂ ಹಿಡಿಯುವುದು ಹವಾ ತುಂಬಿದ್ದನ್ನೇ. ಸ್ಪರ್ಧೆಗೆ ಹೋಗುವ ಮಗುವಿಗೆ ಅದನ್ನೇ ಕೊಡಿಸಿ ಅಂತ ಬರೆದಿದ್ದೇನೆ. ನಾನು ಮಾತ್ರ ಮನೆ ಹಿತ್ತಿಲಲ್ಲಿ ಡಬ್ಬಿ ಹೊಡೆಯಲು ಸ್ಪ್ರಿಂಗನ್ನೇ ಇಟ್ಟುಕೊಂಡಿದ್ದೇನೆ. ಪಂಪು ಬೇಡ, ವಾಯ್ಸರ್ ಚಿಂತೆ ಇಲ್ಲ. ಗನ್ನಿನ ಈ ಹಿಂದುಮುಂದಿನ ಕುಲುಕಿಗೆ, ಅಂದರೆ ರಿಕಾಯಿಲ್‌ಗೆ, 'ಒದೆತ' ಸಾಕಾ? 'ಜಗ್ಗುವುದು' ಅದರೊಳಗೆ ಬರುವುದಿಲ್ಲ ಅನ್ನುವುದೇ ನನ್ನ ಅನುಮಾನ.

ಇನ್ನು ಆ ಕಾಳು. ಪೆಲೆಟ್‌ಗೆ 'ಗುಂಡು' ಅಂತ ಇಲ್ಲಿ ಬರೆಯುತ್ತಾ ಬಂದಿದ್ದೇನೆ, ಹಾಳೆಯಲ್ಲಿ ಹಾಗೆ ಬರೆದರೆ ಅಮ್ಮಂದಿರು ಲೈಸೆನ್ಸ್ ಕೇಳುತ್ತಾರೆ. (4.5 ಮಿಲಿಮೀಟರ್ ನಳಿಗೆ, 20 ಜೂಲ್ ಒಳಗಿನ ಶಕ್ತಿ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ.) ಜಾತ್ರೆ ಅಂಗಡಿಯವನು 'ಛರ್ರಾ' ಅನ್ನುತ್ತಾನೆ. ಮಲೆನಾಡಿನ 'ಚರೆ' ಗೊತ್ತು, ಆದರೆ ಅದು ತೋಟಾದೊಳಗೆ ಹತ್ತಾರು ಒಟ್ಟಿಗೆ ಇರುವ ಉರುಟು ಕಾಳು. ಇದು ಒಂಟಿ, ನಡು ಸಣ್ಣ, ಹಿಂದೆ ಲಂಗದ ಹಾಗೆ ಅಗಲ. ಅಂಗೈ ಮೇಲೆ ಇಟ್ಟು ನೋಡಿದರೆ ಥೇಟ್ ಡಮರು. 'ಡಮರು ಚರೆ' ಅಂದರೆ ನಗುತ್ತೀರಾ?

ಹಾವೇರಿ, ಗದಗ ಕಡೆಯವರು ಯಾರಾದರೂ ಚಕ್ಕಡಿ, ಟ್ರ್ಯಾಕ್ಟರ್ ಕೆಲಸದವರ ಬಾಯಲ್ಲಿ 'ಕಮಾನು' ಸ್ಪ್ರಿಂಗ್ ಅರ್ಥದಲ್ಲಿ ಕೇಳಿದ್ದರೆ ದಯವಿಟ್ಟು ಬರೆಯಿರಿ. ಹಾಳೆ ಶನಿವಾರ ಝೆರಾಕ್ಸಿಗೆ ಹೋಗುತ್ತದೆ. ಅಷ್ಟರಲ್ಲಿ ಬೇರೆ ಪದ ಸಿಗದಿದ್ದರೆ 'ಹವಾ', 'ಕಮಾನು' ಅಂತಲೇ ಹಾಕಿಬಿಡುತ್ತೇನೆ. 'ವಿಶ್ವಾಸಾರ್ಹತೆ'ಯನ್ನು ಈಗಾಗಲೇ ಹೊಡೆದುಹಾಕಿ 'ಯಾವುದು ಯಾವಾಗ ಕೈ ಕೊಡುತ್ತದೆ' ಅಂತ ಬರೆದಾಗಿದೆ.