ಸಭಾಪಾಲನೆಯ ಕರೆ: ಅದು ದೇವರದೋ, ನನ್ನ ಬಯಕೆಯೋ?

ಪ್ರಶ್ನೆ (ಧಾರವಾಡದ ಸದಸ್ಯ)

ಮಾನ್ಯರೇ, ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ವಯಸ್ಸು 27, ಬ್ಯಾಂಕಿನಲ್ಲಿ ಕೆಲಸ. ಕಳೆದ ಶುಭ ಶುಕ್ರವಾರದ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪೈಕಿ "ನನಗೆ ನೀರಡಿಕೆಯಾಗಿದೆ" ಎಂಬುದರ ಮೇಲೆ ಮಾತನಾಡುವ ಸರದಿ ನನಗೆ ಬಂದಿತ್ತು. ಆರಾಧನೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ನನ್ನ ಕೈ ಹಿಡಿದು, ನೀನು ಸಭಾಪಾಲಕ (ಪಾಸ್ಟರ್) ಆಗಬೇಕು ಮಗನೇ ಎಂದರು. ಅಂದಿನಿಂದ ಆ ಮಾತು ಮನಸ್ಸಿನಿಂದ ಹೋಗಿಲ್ಲ. ತಂದೆಯವರು ಮಾತ್ರ ಇದು ಕ್ಷಣಿಕ ಭಾವಾವೇಶ ಎನ್ನುತ್ತಾರೆ. ಕರೆಯನ್ನು ಗುರುತಿಸುವುದು ಹೇಗೆ?

ಉತ್ತರ 1 (ನಿವೃತ್ತ ಸಭಾಪಾಲಕರು)

ತಮ್ಮಾ, ಬೈಬಲಿನ ಒಂದನೇ ಸಮುವೇಲ 3ನೇ ಅಧ್ಯಾಯವನ್ನು ನಿಧಾನವಾಗಿ ಓದು. ದೇವರು ಕರೆದಾಗ ಬಾಲಕ ಸಮುವೇಲನು ಮೂರು ಸಲವೂ ಯಾಜಕನಾದ ಏಲಿಯ ಬಳಿಗೇ ಓಡಿದನು. ಕರೆದವನು ಯಾರೆಂದು ಮೊದಲು ಅರಿತದ್ದು ಹುಡುಗನಲ್ಲ, ಕಣ್ಣು ಮಬ್ಬಾಗಿದ್ದ ಆ ಮುದುಕ. ಆದ್ದರಿಂದ ಒಂಟಿಯಾಗಿ ತೀರ್ಮಾನಿಸಬೇಡ. ಇನ್ನೊಂದು ಸಂಗತಿ: ಆ ರಾತ್ರಿ ಹುಡುಗನಿಗೆ ದೊರೆತದ್ದು ಹೊಗಳಿಕೆಯಲ್ಲ, ತನ್ನನ್ನು ಸಾಕಿದ ಏಲಿಯ ಮನೆತನಕ್ಕೆ ವಿರುದ್ಧವಾದ ಕಠಿಣ ಸಂದೇಶ. ನಿನಗೆ ದೊರೆತಿರುವುದು ಸದ್ಯಕ್ಕೆ ಹೊಗಳಿಕೆ. ಪ್ರಸಂಗ ವಾರಕ್ಕೆ ಅರ್ಧ ಗಂಟೆಯ ಕೆಲಸ. ಉಳಿದ ದಿನಗಳೆಲ್ಲ ಆಸ್ಪತ್ರೆ, ಸಮಾಧಿ, ಮುರಿಯುತ್ತಿರುವ ಸಂಸಾರಗಳು, ಮತ್ತು ಸಭಾ ಸಮಿತಿಯ ಲೆಕ್ಕಪತ್ರ (ನಿಜ ಹೇಳುವುದಾದರೆ, ನನ್ನನ್ನು ಹೆಚ್ಚು ಸಲ ಮೊಣಕಾಲೂರಿಸಿದ್ದು ಈ ಕೊನೆಯದೇ). ಒಂದು ವರ್ಷ ನಿಮ್ಮ ಸಭಾಪಾಲಕರ ಜೊತೆ ಶನಿವಾರದ ಭೇಟಿಗಳಿಗೆ ಹೋಗು. ಆಗಲೂ ಆಸೆ ಉಳಿದಿದ್ದರೆ ಮಾತನಾಡೋಣ.

ಉತ್ತರ 2 (ಸಂಡೆ ಸ್ಕೂಲ್ ಶಿಕ್ಷಕಿ, ಮಂಗಳೂರು)

ಅಯ್ಯನವರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಸೇರಿಸುತ್ತೇನೆ. ನಮ್ಮಲ್ಲಿ ಕರೆ ಎಂದೊಡನೆ ಬಿಳಿ ನಿಲುವಂಗಿಯೇ ನೆನಪಿಗೆ ಬರುವುದು ಏಕೆ? ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಕರೆಗೆ ಯೋಗ್ಯರಾಗಿ ನಡೆಯಿರಿ ಎಂದದ್ದು ಇಡೀ ಸಭೆಗೆ. ಸಭಾಪಾಲಕರ, ಬೋಧಕರ ಮಾತು ಬರುವುದು ಅದಾದ ಮೇಲೆ, ಅದೂ ಉಳಿದ ಭಕ್ತರನ್ನು ಸೇವೆಗೆ ಸಿದ್ಧಗೊಳಿಸುವುದಕ್ಕಾಗಿ. ಸ್ವತಃ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಹೊಲಿಯುತ್ತಿದ್ದವನು. ಬ್ಯಾಂಕಿನ ಕೌಂಟರಿನಲ್ಲಿ ಓದುಬರಹ ಬಾರದವರ ಚಲನ್ ತುಂಬಿಕೊಡುವುದನ್ನು ಕೀಳೆಂದು ಬಗೆದು ಅಲ್ಲಿಂದ ಹೊರಡುವುದಾದರೆ, ಸಭೆಗೆ ಬಂದ ಮೇಲೂ ಅದೇ ಬೇಸರ ನಿಮ್ಮ ಬೆನ್ನು ಬಿಡಲಾರದು.

ಉತ್ತರ 3 (ದೈವಶಾಸ್ತ್ರದ ವಿದ್ಯಾರ್ಥಿ)

ಹಿಂಜರಿಕೆಯಾಗಲಿ ಉತ್ಸಾಹವಾಗಲಿ ಕರೆಯ ಗುರುತಲ್ಲ: ಪ್ರವಾದಿಗಳಲ್ಲಿ ಯೆರೆಮೀಯನು ತಾನಿನ್ನೂ ಬಾಲಕನೆಂದು ನೆವ ಹೇಳಿದನು, ಯೆಶಾಯನು ನನ್ನನ್ನು ಕಳುಹಿಸು ಎಂದು ತಾನೇ ಮುಂದೆ ಬಂದನು. ತಡವಾದೀತೆಂಬ ಆತಂಕವೂ ಬೇಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಾಲದ ಹರ್ಮನ್ ಆನಂದರಾವ್ ಕೌಂಡಿನ್ಯ ಅವರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದದ್ದು 1844ರಲ್ಲಿ. ಬಾಸೆಲ್‌ನಲ್ಲಿ ಓದಿ ಗುರುದೀಕ್ಷೆ (ಸಭಾಪಾಲಕರಾಗಿ ನೇಮಿಸುವ ದೀಕ್ಷೆ) ಪಡೆದದ್ದು 1851ರಲ್ಲಿ. ಮನೆತನವನ್ನೇ ಕಳೆದುಕೊಂಡು ಬಂದವರನ್ನೂ ಸಭೆ ಏಳು ವರ್ಷ ಕಾಯಿಸಿತು. ಇಂದಿಗೂ ನಮ್ಮಲ್ಲಿ ನಿಮ್ಮ ಸಭೆಯ ಶಿಫಾರಸು, ಡಯಾಸಿಸ್‌ನ (ಬಿಷಪ್ಪರ ಆಡಳಿತ ಪ್ರಾಂತದ) ಸಂದರ್ಶನ, ಬಿ.ಡಿ. (ದೈವಶಾಸ್ತ್ರ ಪದವಿ) ವ್ಯಾಸಂಗ ಎಲ್ಲವನ್ನೂ ದಾಟಿಯೇ ಗುರುದೀಕ್ಷೆ. ಇದನ್ನು ಕೆಲವರು ಅಧಿಕಾರಶಾಹಿಯೆಂದು ಹಳಿಯುತ್ತಾರೆ; ಅಂತಿಯೋಕ್ಯದ ಸಭೆಯೂ ಉಪವಾಸವಿದ್ದು ಪ್ರಾರ್ಥಿಸಿದ ಮೇಲೆಯೇ ಬಾರ್ನಬ ಮತ್ತು ಪೌಲರ ಮೇಲೆ ಕೈಯಿಟ್ಟು ಕಳುಹಿಸಿತೆಂಬುದನ್ನು ಅವರು ಮರೆಯುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಯ್ಯನವರೇ, ನಿನ್ನೆ ನಮ್ಮ ಸಭಾಪಾಲಕರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಡಯಾಲಿಸಿಸ್‌ನಲ್ಲಿರುವ ಹಿರಿಯರೊಬ್ಬರು ಪ್ರಾರ್ಥನೆಯ ನಡುವೆಯೇ ನೀರು ಕೇಳಿದರು. ಎರಡು ಚಮಚಕ್ಕಿಂತ ಹೆಚ್ಚು ಕೊಡಬೇಡಿ ಎಂದರು ನರ್ಸ್. ನೀರಡಿಕೆಯ ಮೇಲೆ ಹದಿನೈದು ನಿಮಿಷ ಮಾತನಾಡಿದ್ದ ನನಗೆ ಆ ಚಮಚ ಹಿಡಿದು ನಿಂತಾಗ ಒಂದು ಮಾತೂ ಹೊರಡಲಿಲ್ಲ. ಮುಂದಿನ ಶನಿವಾರವೂ ಹೋಗುತ್ತೇನೆ; ತಂದೆಯವರಿಗೆ ಸದ್ಯಕ್ಕೆ ಇಷ್ಟನ್ನೇ ತಿಳಿಸಿದ್ದೇನೆ.